ಬಾವುಟ ಹಿಡಿದವನು ಎಲ್ಲಿ ಹೋದ? – ರಸ್ತೆಯ ಎಚ್ಚರದ ಒಂದು ಕಿರು ಚರಿತ್ರೆ

ನಮ್ಮ ಚರಿತ್ರೆಯ ಪಠ್ಯಪುಸ್ತಕಗಳಲ್ಲಿ ರಸ್ತೆ ಕಟ್ಟಿಸಿದವರಿಗೆ ಸ್ಥಾನವಿದೆ. ಅಶೋಕನು ಸಾಲುಮರಗಳನ್ನು ನೆಡಿಸಿದ, ಬಾವಿಗಳನ್ನು ತೋಡಿಸಿದ; ಶೇರ್ ಷಾ ಹೆದ್ದಾರಿಯುದ್ದಕ್ಕೂ ತಂಗುದಾಣಗಳನ್ನು ಕಟ್ಟಿಸಿದ ಎಂದು ಮೂವತ್ತಕ್ಕೂ ಹೆಚ್ಚು ವರ್ಷ ಕಪ್ಪುಹಲಗೆಯ ಮುಂದೆ ನಿಂತು ನಾನು ಹೇಳಿದ್ದೇನೆ; ನೀವು ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ಪಡೆದಿದ್ದೀರಿ. ಆದರೆ ಆ ರಸ್ತೆಯ ಮೇಲೆ ಹೇಗೆ ಸಾಗಬೇಕೆಂಬುದನ್ನು ಮನುಷ್ಯ ಯಾವಾಗ, ಯಾರಿಂದ, ಎಷ್ಟು ಬೆಲೆ ತೆತ್ತು ಕಲಿತ ಎಂಬ ಅಧ್ಯಾಯ ಯಾವ ತರಗತಿಯ ಪುಸ್ತಕದಲ್ಲಿಯೂ ಇರಲಿಲ್ಲ. ನಿವೃತ್ತಿಯ ನಂತರದ ಬಿಡುವಿನಲ್ಲಿ ಅಲ್ಲಿ ಇಲ್ಲಿ ಓದಿ ಆ ಅಧ್ಯಾಯವನ್ನು ನನಗಾಗಿ ಕೂಡಿಸಿಕೊಂಡಿದ್ದೇನೆ. ಇಂದು ನಿಮ್ಮಲ್ಲಿ ಬಹುಪಾಲು ಮಂದಿ ಸ್ವಂತ ವಾಹನವುಳ್ಳವರು. ಕೆಲವರ ಮಕ್ಕಳೂ ಸ್ಕೂಟರಿನ ಕೀಲಿಕೈ ಕೇಳುವ ವಯಸ್ಸಿಗೆ ಬಂದಿದ್ದಾರೆ. ಆದ್ದರಿಂದ ಈ ಪಾಠವನ್ನು ಈಗಲಾದರೂ ಇಲ್ಲಿ ಬರೆದಿಡುವುದು ಉಚಿತವೆನಿಸಿತು.

ಪಾಠದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಎಚ್ಚರವೆಂಬುದು ಹುಟ್ಟುಗುಣವಲ್ಲ, ಅದು ಕಲಿತ ವಿದ್ಯೆ. ಕಲಿತ ವಿದ್ಯೆಯಾದ್ದರಿಂದಲೇ ಅಭ್ಯಾಸ ತಪ್ಪಿದರೆ ಮರೆತುಹೋಗುತ್ತದೆ.

ಕೆಂಪು ಬಾವುಟ

1865ರಲ್ಲಿ ಇಂಗ್ಲೆಂಡಿನ ಸಂಸತ್ತು ಒಂದು ಕಾನೂನು ಮಾಡಿತು. ಆಗಿನ್ನೂ ಪೆಟ್ರೋಲ್ ಕಾರು ಹುಟ್ಟಿರಲಿಲ್ಲ. ಹಬೆಯಂತ್ರದಿಂದ ನಡೆಯುವ ಭಾರೀ ಬಂಡಿಗಳಿದ್ದವು. ಅವು ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ಮೀರಬಾರದೆಂದು ಆ ಕಾನೂನು ವಿಧಿಸಿತು. ಅಷ್ಟೇ ಅಲ್ಲ, ಬಂಡಿಗಿಂತ 60 ಗಜ ಮುಂದೆ ಒಬ್ಬ ಮನುಷ್ಯ ಕೈಯಲ್ಲಿ ಕೆಂಪು ಬಾವುಟ ಹಿಡಿದು ನಡೆಯಬೇಕಾಗಿತ್ತು. ಎದುರಿನಿಂದ ಬರುವ ಕುದುರೆ ಬೆದರದಂತೆ, ದಾರಿಹೋಕರು ಸರಿದುಕೊಳ್ಳುವಂತೆ ನೋಡಿಕೊಳ್ಳುವುದು ಅವನ ಕೆಲಸ. ಈಗ ಓದಿದರೆ ನಗು ಬರುತ್ತದೆ. ನಕ್ಕ ಮೇಲೆ ಒಮ್ಮೆ ಯೋಚಿಸಿ ನೋಡಿ: ಯಂತ್ರವನ್ನು ನಡೆಸುವವನಿಗೂ ರಸ್ತೆಯನ್ನು ನೋಡುವವನಿಗೂ ಬೇರೆ ಬೇರೆ ಕೆಲಸಗಳಿವೆ, ಎರಡನ್ನೂ ಒಬ್ಬನೇ ಮಾಡುವುದು ಕಷ್ಟ ಎಂಬ ತಿಳಿವಳಿಕೆ ಆ ನಗೆಪಾಟಲಿನ ಕಾನೂನಿನೊಳಗೆ ಅಡಗಿದೆ.

1869ರ ಆಗಸ್ಟ್ 31ರಂದು ಐರ್ಲೆಂಡಿನಲ್ಲಿ ಮೇರಿ ವಾರ್ಡ್ ಎಂಬ ವಿದ್ವಾಂಸೆ ತನ್ನ ಬಂಧುಗಳು ತಯಾರಿಸಿದ್ದ ಹಬೆಬಂಡಿಯಲ್ಲಿ ಹೋಗುತ್ತಿದ್ದಾಗ ತಿರುವಿನಲ್ಲಿ ಹೊರಗೆಸೆಯಲ್ಪಟ್ಟು ಚಕ್ರದಡಿ ಸಿಕ್ಕಿ ಸತ್ತಳು. ಸೂಕ್ಷ್ಮದರ್ಶಕದ ಬಗೆಗೆ ಪುಸ್ತಕ ಬರೆದು ಹೆಸರಾಗಿದ್ದವಳು ಆಕೆ. ಯಂತ್ರಚಾಲಿತ ವಾಹನದ ಅಪಘಾತದಲ್ಲಿ ಮಡಿದವರ ಪಟ್ಟಿ ಆಕೆಯ ಹೆಸರಿನಿಂದ ಆರಂಭವಾಗುತ್ತದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಕಣ್ಣಿಗೆ ಕಾಣದ್ದನ್ನು ಕಾಣುವುದು ಹೇಗೆಂದು ಲೋಕಕ್ಕೆ ತೋರಿಸಿದವಳು ಒಂದು ತಿರುವಿನಲ್ಲಿ ಹೋದಳು!

1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ 44 ವರ್ಷದ ಗೃಹಿಣಿ ಮಗಳೊಡನೆ ನಡೆದುಹೋಗುತ್ತಿದ್ದಳು. ಜನರಿಗೆ ತೋರಿಸಲೆಂದು ಓಡಿಸುತ್ತಿದ್ದ ಕಾರೊಂದು ಆಕೆಗೆ ಬಡಿಯಿತು. ಬ್ರಿಟನ್ನಿನಲ್ಲಿ ಕಾರು ಬಡಿದು ಸತ್ತ ಮೊದಲ ಪಾದಚಾರಿ ಆಕೆ. ಕಾರಿನ ವೇಗ ಗಂಟೆಗೆ 4 ಮೈಲಿ ಮಾತ್ರವಿತ್ತೆಂದು ಚಾಲಕ ವಿಚಾರಣೆಯಲ್ಲಿ ಹೇಳಿದ; ಬಹಳ ಜೋರಾಗಿ ಬಂತೆಂದು ಸಾಕ್ಷಿಗಳು ಹೇಳಿದರು. ಚಾಲಕನ ಮಾತೇ ನಿಜವಿದ್ದರೂ ಅದು ನಾವು ಬೆಳಗಿನ ಹೊತ್ತು ಬಿರುಸಾಗಿ ನಡೆಯುವ ವೇಗ. ನಡಿಗೆಯ ವೇಗದಲ್ಲಿಯೂ ಯಂತ್ರ ಕೊಲ್ಲಬಲ್ಲದೆಂಬುದು ಅಂದು ತಿಳಿಯಿತು. ತೀರ್ಪು ಮಾತ್ರ ‘ಆಕಸ್ಮಿಕ ಮರಣ’ ಎಂದಾಯಿತು.

ಇದಾಗಿ ಮೂರು ತಿಂಗಳಿಗೆ, ಅದೇ 1896ರ ನವೆಂಬರ್ 14ರಂದು, ಹೊಸ ಕಾನೂನು ಜಾರಿಗೆ ಬಂದಿತು. ಮುಂದೆ ನಡೆಯುವವನ ಕೈಯಲ್ಲಿ ಬಾವುಟವಿರಲೇಬೇಕೆಂಬ ನಿಯಮ 1878ರಲ್ಲಿಯೇ ಸಡಿಲಗೊಂಡಿತ್ತು. ಈಗ ಹಗುರ ವಾಹನಗಳ ಮುಂದಿನಿಂದ ಆ ಮನುಷ್ಯನೂ ಹೋದ. ವೇಗದ ಮಿತಿಯೂ ಏರಿತು. ಮೋಟಾರು ಪ್ರಿಯರು ಲಂಡನ್ನಿನಿಂದ ಬ್ರೈಟನ್ನಿಗೆ ಮೆರವಣಿಗೆಯಂತೆ ಕಾರು ಓಡಿಸಿ ಸಂಭ್ರಮಿಸಿದರು. ಆದರೆ ಬಾವುಟದವನು ಮಾಡುತ್ತಿದ್ದ ಕೆಲಸ ಇನ್ನು ಯಾರದು ಎಂಬ ಪ್ರಶ್ನೆಯನ್ನು ಆ ಸಂಭ್ರಮದಲ್ಲಿ ಕೇಳಿದವರು ಕಡಿಮೆ. ರಸ್ತೆ ಸುರಕ್ಷತೆಯ ಮುಂದಿನ ಚರಿತ್ರೆಯೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ. ಆ ಮನುಷ್ಯ ಇನ್ನು ಚಾಲಕನ ಒಳಗೇ ಬಂದು ಕೂರಬೇಕಿತ್ತು.

ಕೈಗನ್ನಡಿ

ಆ ಹುಡುಕಾಟದಲ್ಲಿ ನನಗೆ ಬಹಳ ಪ್ರಿಯವಾದ ಘಟ್ಟ ಕನ್ನಡಿಯದು. ಡೊರೊಥಿ ಲೆವಿಟ್ ಎಂಬ ಇಂಗ್ಲಿಷ್ ಮಹಿಳೆ ಕಾರಿನ ಪಂದ್ಯಗಳಲ್ಲಿ ಗೆದ್ದವಳು. 1909ರಲ್ಲಿ ಆಕೆ ಹೆಣ್ಣುಮಕ್ಕಳಿಗೆಂದು ಕಾರಿನ ಬಗೆಗೆ ಪುಸ್ತಕ ಪ್ರಕಟಿಸಿದಳು. ಕಾರು ಓಡಿಸುವಾಗ ಒಂದು ಕೈಗನ್ನಡಿಯನ್ನು ಹತ್ತಿರದಲ್ಲಿಟ್ಟುಕೊಳ್ಳಿ, ಆಗಾಗ ಎತ್ತಿ ಹಿಂದೆ ಯಾರು ಬರುತ್ತಿದ್ದಾರೆಂದು ನೋಡಿ ಎಂಬ ಸಲಹೆ ಅದರಲ್ಲಿದೆ. ಎರಡು ವರ್ಷಗಳ ತರುವಾಯ, 1911ರಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಮೊದಲ 500 ಮೈಲಿ ಪಂದ್ಯದಲ್ಲಿ ರೇ ಹ್ಯಾರೂನ್ ತನ್ನ ಕಾರಿಗೆ ಕನ್ನಡಿ ಜೋಡಿಸಿಕೊಂಡು ಬಂದ. ಉಳಿದವರೆಲ್ಲ ಪಕ್ಕದಲ್ಲೊಬ್ಬ ಮೆಕ್ಯಾನಿಕ್‌ನನ್ನು ಕೂರಿಸಿಕೊಂಡಿದ್ದರು; ಹಿಂದಿನ ಕಾರುಗಳ ಮೇಲೆ ಕಣ್ಣಿಡುವುದು ಅವನ ಕೆಲಸಗಳಲ್ಲೊಂದು. ಹ್ಯಾರೂನ್ ಮೆಕ್ಯಾನಿಕ್ ಇಲ್ಲದೆಯೇ ಓಡಿಸಿ ಗೆದ್ದ. ವಿನೋದವೆಂದರೆ, ಇಟ್ಟಿಗೆ ಹಾಸಿದ ಆ ಪಥದ ಕುಲುಕಾಟದಲ್ಲಿ ಕನ್ನಡಿಯಲ್ಲಿ ಏನೂ ಸರಿಯಾಗಿ ಕಾಣಿಸಲಿಲ್ಲವೆಂದು ಅವನೇ ಮುಂದೆ ಒಪ್ಪಿಕೊಂಡ.

ಆ ಮಾತನ್ನು ಗಮನಿಸಬೇಕು. ಕನ್ನಡಿಯಿದ್ದ ಮಾತ್ರಕ್ಕೆ ನೋಡಿದಂತಾಗುವುದಿಲ್ಲ. ಇಂದು ನಮ್ಮ ಊರುಗಳಲ್ಲಿ ಸ್ಕೂಟರಿನ ಕನ್ನಡಿಯನ್ನು ಒಳಕ್ಕೆ ಮಡಚಿಟ್ಟುಕೊಂಡು ಓಡುವ ಹುಡುಗರನ್ನು ಕಂಡಾಗ, ನೂರು ವರ್ಷದ ಹಿಂದೆಯೇ ಕೈಗನ್ನಡಿ ಎತ್ತಿ ನೋಡಿದ ಆ ಹೆಣ್ಣುಮಗಳು ನೆನಪಾಗುತ್ತಾಳೆ.

ಬಾಯಿಬಿಟ್ಟು ಹೇಳುವ ಪಾಠ

ಬ್ರಿಟನ್ 1930ರಲ್ಲಿ ಒಂದು ವಿಚಿತ್ರ ಪ್ರಯೋಗ ಮಾಡಿತು. ಕಾರುಗಳಿಗಿದ್ದ ವೇಗಮಿತಿಯನ್ನೇ ತೆಗೆದುಹಾಕಿತು. ಮರುವರ್ಷ ‘ಹೈವೇ ಕೋಡ್’ ಎಂಬ ಕಿರುಪುಸ್ತಕವನ್ನು ಒಂದು ಪೆನ್ನಿ ಬೆಲೆಗೆ ಹಂಚಿ, ಸಭ್ಯತೆಯಿಂದ ಓಡಿಸಿರೆಂದು ಕೇಳಿಕೊಂಡಿತು. ಆ ಮೊದಲ ಆವೃತ್ತಿಯಲ್ಲಿ ಕನ್ನಡಿಯ ಪ್ರಸ್ತಾಪವೇ ಇರಲಿಲ್ಲ. ಫಲ? 1934ರ ಒಂದೇ ವರ್ಷದಲ್ಲಿ 7,343 ಮಂದಿ ರಸ್ತೆಯಲ್ಲಿ ಸತ್ತರು. ಅವರಲ್ಲಿ ಸುಮಾರು ಅರ್ಧದಷ್ಟು ಪಾದಚಾರಿಗಳು. ಸರ್ಕಾರ ಎಚ್ಚೆತ್ತು ಜನವಸತಿಯಿರುವ ಕಡೆ ಗಂಟೆಗೆ 30 ಮೈಲಿಯ ಮಿತಿ ಹೇರಿತು. 1935ರ ಜೂನ್ 1ರಿಂದ ಹೊಸ ಚಾಲಕರಿಗೆ ಪರೀಕ್ಷೆ ಕಡ್ಡಾಯವಾಯಿತು. ಅಲ್ಲಿಯವರೆಗೆ ಶುಲ್ಕ ಕಟ್ಟಿದವರಿಗೆಲ್ಲ ಪರೀಕ್ಷೆಯಿಲ್ಲದೆ ಲೈಸೆನ್ಸ್ ಸಿಗುತ್ತಿತ್ತು. ಈಗ ಅದೇ ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು ವಾಹನಗಳಿವೆ. 1934ರಲ್ಲಿ ಇಪ್ಪತ್ತೈದು ಲಕ್ಷವೂ ಇರಲಿಲ್ಲ. ಆದರೆ 2023ರಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತವರು 1,624 ಮಂದಿ. ವಾಹನ ಹೆಚ್ಚಿದರೆ ಸಾವೂ ಹೆಚ್ಚಲೇಬೇಕು ಎನ್ನುವವರಿಗೆ ಈ ಅಂಕಿಗಳೇ ಉತ್ತರ. ಒಳ್ಳೆಯ ರಸ್ತೆ, ಸೀಟ್ ಬೆಲ್ಟ್, ವೈದ್ಯಕೀಯ ನೆರವು ಎಲ್ಲವೂ ಅದಕ್ಕೆ ಕಾರಣ. ಚಾಲಕನ ಶಿಕ್ಷಣವೂ ಒಂದು ಕಾರಣ.

ಆ ಶಿಕ್ಷಣದ ವಿಷಯದಲ್ಲಿ ಶಿಕ್ಷಕನಾದ ನನ್ನನ್ನು ಹೆಚ್ಚು ಸೆಳೆದದ್ದು ಲಂಡನ್ ಪೊಲೀಸರ ಕಥೆ. 1930ರ ದಶಕದಲ್ಲಿ ಅವರ ವಾಹನಗಳೇ ಪದೇ ಪದೇ ಅಪಘಾತಕ್ಕೀಡಾಗುತ್ತಿದ್ದವು. ಆಗ ಹೆಂಡನ್ ಎಂಬಲ್ಲಿ ಪೊಲೀಸ್ ಚಾಲಕರಿಗಾಗಿ ಒಂದು ಶಾಲೆ ತೆರೆದರು. ಹಿಂದೆ ಕಾರು ಪಂದ್ಯಗಳಲ್ಲಿ ಓಡಿಸಿದ್ದ ಲಾರ್ಡ್ ಕಾಟೆನ್‌ಹ್ಯಾಮ್ ಅದಕ್ಕೆ ಸಲಹೆಗಾರರಾದರು. ವೇಗದ ಪಂದ್ಯದವರು ಬಂದರೆಂದು ಅಲ್ಲಿ ವೇಗವನ್ನು ಕಲಿಸಲಿಲ್ಲ, ಕ್ರಮವನ್ನು ಕಲಿಸಿದರು. ಎದುರಿಗೆ ತಿರುವೋ ಕೂಡುರಸ್ತೆಯೋ ಬಂದಾಗ ಮೊದಲು ಏನು ನೋಡಬೇಕು, ಯಾವಾಗ ಕನ್ನಡಿ, ಯಾವಾಗ ಸಂಜ್ಞೆ, ಯಾವಾಗ ಬ್ರೇಕ್, ಯಾವಾಗ ಗೇರ್ ಎಂಬುದನ್ನು ಒಂದು ಅನುಕ್ರಮದಲ್ಲಿ ಜೋಡಿಸಿ ರೂಢಿ ಮಾಡಿಸಿದರು. ಈ ಪದ್ಧತಿ 1955ರಲ್ಲಿ ‘ರೋಡ್‌ಕ್ರಾಫ್ಟ್’ ಎಂಬ ಪುಸ್ತಕವಾಗಿ ಸಾರ್ವಜನಿಕರ ಕೈಗೂ ಬಂದಿತು.

ಈ ತರಬೇತಿಯಲ್ಲಿ ಒಂದು ಅಭ್ಯಾಸವಿದೆ. ಚಾಲಕ ತಾನು ಕಾಣುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಓಡಿಸಬೇಕು. ‘ಮುಂದೆ ಶಾಲೆಯಿದೆ, ಗೇಟು ತೆರೆದಿದೆ, ಎಡಗಡೆ ನಿಂತ ವ್ಯಾನಿನ ಬಾಗಿಲು ತೆರೆಯಬಹುದು, ಹಿಂದೆ ಮೋಟಾರ್ ಸೈಕಲ್ ಹತ್ತಿರ ಬರುತ್ತಿದೆ’ ಎಂಬಂತೆ. ಕಂಡದ್ದನ್ನು ಹೇಳುವುದಷ್ಟೇ ಅಲ್ಲ, ಅದರಿಂದ ಮುಂದೇನಾದೀತು ಎಂಬುದನ್ನೂ ಹೇಳಬೇಕು. ತರಗತಿಯಲ್ಲಿ ಗಟ್ಟಿಯಾಗಿ ಓದಿಸುವುದು ಏಕೆಂದು ಶಿಕ್ಷಕರಿಗೆ ಗೊತ್ತು. ಕಣ್ಣು ಸಾಲಿನ ಮೇಲೆ ಹರಿದರೂ ಮನಸ್ಸು ಬೇರೆಲ್ಲೋ ಇರಬಹುದು. ಬಾಯಿ ಹೇಳಬೇಕಾದರೆ ಮನಸ್ಸು ಅಲ್ಲಿಗೆ ಬರಲೇಬೇಕು.

ಈ ಪುಸ್ತಕವನ್ನು ಓದದೆಯೇ ಅದರ ವಿದ್ಯೆಯನ್ನು ಬಲ್ಲ ಒಬ್ಬ ಹಳೆಯ ವಿದ್ಯಾರ್ಥಿ ನನಗಿದ್ದಾನೆ. ಹೆಸರು ಹೇಳುವುದಿಲ್ಲ, ಓದಿದರೆ ಅವನಿಗೇ ತಿಳಿಯುತ್ತದೆ. ಸಾರಿಗೆ ಬಸ್ಸಿನ ಚಾಲಕ. ಘಾಟಿಯ ದಾರಿಯಲ್ಲಿಯೇ ಅವನ ಸೇವೆ ಕಳೆದಿದೆ. ಒಮ್ಮೆ ಅವನ ಬಸ್ಸಿನಲ್ಲಿ ಮುಂದಿನ ಆಸನದಲ್ಲಿ ಕುಳಿತಿದ್ದೆ. ಊಟಕ್ಕೆ ನಿಲ್ಲಿಸಿದಾಗ, ಇಷ್ಟು ವರ್ಷ ಹೇಗಪ್ಪಾ ನಿಭಾಯಿಸಿದೆ ಎಂದು ಕೇಳಿದೆ. “ಸಾರ್, ನಾನು ಮುಂದಿನ ಗಾಡಿ ನೋಡ್ಕೊಂಡು ಓಡ್ಸಲ್ಲ, ಅದರ ಮುಂದಿನ ಗಾಡಿ ನೋಡ್ಕೊಂಡು ಓಡಿಸ್ತೀನಿ. ನಿಂತಿರೋ ಬಸ್ ದಾಟೋವಾಗ ಅದರ ಕೆಳಗಡೆ ಕಾಲು ಕಾಣ್ತಾವಾ ಅಂತ ನೋಡ್ತೀನಿ. ಕಾಲು ಕಂಡ್ರೆ ಆ ಕಡೆ ಮನುಷ್ಯ ಇದ್ದಾನೆ ಅಂತ ತಾನೆ ಸಾರ್?” ಎಂದ. ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ತಡವರಿಸುತ್ತಿದ್ದ ಹುಡುಗ. ಇದಕ್ಕಿಂತ ಶುದ್ಧವಾದ ತರ್ಕವನ್ನು ನಾನು ಯಾವ ತರಗತಿಯಲ್ಲಿಯೂ ಕೇಳಿಲ್ಲ.

ಸ್ವೀಡನ್ ಕಲಿಸಿದ್ದು

ಎಚ್ಚರ ಕಲಿಯಬಹುದಾದರೆ ಮರೆಯಲೂಬಹುದು. ಅದಕ್ಕೆ ನಿದರ್ಶನ ಸ್ವೀಡನ್ ದೇಶದ್ದು. ಅಲ್ಲಿ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಓಡಿಸುತ್ತಿದ್ದರು; ನೆರೆಯ ದೇಶಗಳೆಲ್ಲ ಬಲಬದಿಯವು. 1955ರ ಜನಮತಗಣನೆಯಲ್ಲಿ ನೂರಕ್ಕೆ ಸುಮಾರು 83 ಮಂದಿ ಬದಲಾವಣೆ ಬೇಡವೆಂದರು. ಆದರೂ ಸರ್ಕಾರ ನಿರ್ಧರಿಸಿ, ವರ್ಷಗಟ್ಟಲೆ ಸಿದ್ಧತೆ ನಡೆಸಿ, ಹಾಲಿನ ಪೊಟ್ಟಣಗಳ ಮೇಲೂ ಅಚ್ಚು ಹಾಕಿಸಿ ಪ್ರಚಾರ ಮಾಡಿತು. 1967ರ ಸೆಪ್ಟೆಂಬರ್ 3, ಭಾನುವಾರ. ಬೆಳಗಿನ ಜಾವ 4 ಗಂಟೆ 50 ನಿಮಿಷಕ್ಕೆ ರಸ್ತೆಯಲ್ಲಿದ್ದ ವಾಹನಗಳೆಲ್ಲ ನಿಂತು, ಮೆಲ್ಲನೆ ಬಲಬದಿಗೆ ಸರಿದು, 5 ಗಂಟೆಗೆ ಹೊರಟವು.

ಅನಾಹುತವಾಗುತ್ತದೆಂದು ಎಣಿಸಿದ್ದವರು ಬಹಳ. ಆದದ್ದು ಬೇರೆ. ಮರುದಿನ ಸೋಮವಾರ ದೇಶದಲ್ಲಿ ವರದಿಯಾದ ಅಪಘಾತಗಳು 125. ಅದಕ್ಕೆ ಹಿಂದಿನ ಸೋಮವಾರಗಳಲ್ಲಿ 130ರಿಂದ 198ರವರೆಗೆ ಇರುತ್ತಿದ್ದವು. ಅಂದು ಒಂದು ಸಾವೂ ಸಂಭವಿಸಲಿಲ್ಲ. ಬದಿ ಬದಲಾಗಿದ್ದರಿಂದ ಎಲ್ಲರಿಗೂ ರಸ್ತೆ ಹೊಸದಾಯಿತು, ಎಲ್ಲರೂ ಹೊಸಬರಾದರು. ಹೊಸಬನ ಭಯವೇ ಎಲ್ಲರನ್ನೂ ಕಾಯಿತು.

ಕಥೆಯ ಮುಂದಿನ ಭಾಗವನ್ನು ಜನ ಹೇಳುವುದು ಕಡಿಮೆ. ಸುಮಾರು ಎರಡು ವರ್ಷಗಳಲ್ಲಿ ಅಪಘಾತಗಳ ಪ್ರಮಾಣ ಮೊದಲಿನ ಮಟ್ಟಕ್ಕೇ ಮರಳಿತು. ಬಲಬದಿ ರೂಢಿಯಾಯಿತು, ರೂಢಿಯೊಂದಿಗೆ ಮೈಮರೆವೂ ಬಂದಿತು. ನಾವು ಮನೆಯ ಹತ್ತಿರದ, ದಿನವೂ ಓಡಾಡುವ ದಾರಿಯಲ್ಲಿ ಅಲಕ್ಷ್ಯದಿಂದಿರುವುದಕ್ಕೂ, ಕಾಣದ ಊರಿನಲ್ಲಿ ಕಣ್ಣರಳಿಸಿ ಓಡಿಸುವುದಕ್ಕೂ ಇರುವ ವ್ಯತ್ಯಾಸ ಇದೇ. ನನ್ನ ತಿಳಿವಳಿಕೆಯಲ್ಲಿ ಅಪಾಯಕರವಾದದ್ದು ಗೊತ್ತಿಲ್ಲದ ರಸ್ತೆಗಿಂತ ಗೊತ್ತಿರುವ ರಸ್ತೆ.

ನಮ್ಮ ನೆಲದಲ್ಲಿ

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 1914ರಲ್ಲಿ ಒಂದು ಮೋಟಾರು ವಾಹನ ಕಾಯಿದೆ, 1939ರಲ್ಲಿ ಇನ್ನೊಂದು, 1988ರಲ್ಲಿ ಮತ್ತೊಂದು, 2019ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ. ಆದರೂ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು, 19 ಮಂದಿ ಪಾದಚಾರಿಗಳು. ಅದೇ ವರ್ಷ ಕರ್ನಾಟಕದ ಪಾಲು 11,702. ಭಾಗಾಕಾರ ಮಾಡಿ ನೋಡಿದೆ: ದಿನಕ್ಕೆ 32. ನನ್ನ ತರಗತಿಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಮಕ್ಕಳಿರುತ್ತಿದ್ದರು. ಅಂದರೆ ದಿನವೂ ಒಂದು ಇಡೀ ಹಾಜರಿ ಪುಸ್ತಕ ಖಾಲಿಯಾದಂತೆ.

ಹಾಜರಿ ಪುಸ್ತಕದ ಮಾತು ಬಂದದ್ದರಿಂದ ಹೇಳುತ್ತೇನೆ. ಮಗುವೊಂದು ಶಾಲೆ ಬಿಟ್ಟಾಗ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುವುದು ವಾಡಿಕೆ. ವರ್ಗಾವಣೆ ಪತ್ರ ಕೊಟ್ಟು ಎಳೆದ ಗೆರೆಗಳು ಎಷ್ಟೋ. ಎರಡು ಸಲ ಮಾತ್ರ ರಸ್ತೆಯ ಕಾರಣದಿಂದ ಎಳೆದಿದ್ದೇನೆ. ಒಬ್ಬಳು ಬಸ್ಸಿಳಿದು ಅದರ ಮುಂದಿನಿಂದ ರಸ್ತೆ ದಾಟುತ್ತಿದ್ದವಳು. ಇನ್ನೊಬ್ಬ ಅಣ್ಣನ ಬೈಕಿನ ಹಿಂದೆ ಕುಳಿತಿದ್ದವನು. ರಾತ್ರಿ, ಹಿಂದಿನ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಬಡಿದಿತ್ತು. ಆ ಎರಡು ಗೆರೆಗಳನ್ನು ಎಳೆದ ದಿನಗಳಲ್ಲಿ ಪಾಠ ಮಾಡಲು ನನ್ನಿಂದ ಆಗಲಿಲ್ಲ.

ನಮ್ಮ ರಸ್ತೆಗಳ ಸ್ವಭಾವ ಇಂಗ್ಲೆಂಡಿನವುಗಳಿಗಿಂತ ಭಿನ್ನ, ನಿಜ. ಸುಗ್ಗಿಯಲ್ಲಿ ಡಾಂಬರಿನ ಮೇಲೆಯೇ ಹುರುಳಿ, ರಾಗಿ ಹರಡಿ ಒಕ್ಕಣೆ ಮಾಡುತ್ತಾರೆ. ದನಗಳು ಸಂಜೆ ಗುಂಪಾಗಿ ಮನೆಗೆ ಮರಳುತ್ತವೆ. ಬಣ್ಣ ಬಳಿಯದ ಉಬ್ಬುಗಳು ಎಲ್ಲೆಂದರಲ್ಲಿ ಎದ್ದಿರುತ್ತವೆ. ಇಂತಹ ರಸ್ತೆಯಲ್ಲಿ ಯಾವ ಇಂಗ್ಲಿಷ್ ಪದ್ಧತಿ ನಡೆದೀತು ಎಂದು ಕೇಳುವವರಿದ್ದಾರೆ. ರಸ್ತೆ ಎಷ್ಟು ಅನಿಶ್ಚಿತವೋ ಕಣ್ಣಿನ ಕೆಲಸ ಅಷ್ಟು ಹೆಚ್ಚು ಎಂಬುದೇ ನನ್ನ ಉತ್ತರ. ರಸ್ತೆ ಸುಧಾರಿಸಿದರೆ ಸಾಕೆಂಬುದೂ ಭ್ರಮೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ನುಣುಪಾದ ರಸ್ತೆಯಲ್ಲಿ ಸಾವುಗಳು ಸಂಭವಿಸಿ, ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳನ್ನು ಅದರ ಮುಖ್ಯ ಪಥದಿಂದ ದೂರವಿಡಬೇಕಾಯಿತು.

ಮನೆಗೆಲಸ

ಪಾಠದ ಕೊನೆಗೆ ಮನೆಗೆಲಸ ಕೊಡದೆ ಹೋದರೆ ಮೇಷ್ಟ್ರಿಗೆ ಸಮಾಧಾನವಿಲ್ಲ.

ಮೊದಲನೆಯದು ಒಂದು ಲೆಕ್ಕ. ಕ್ರಿಕೆಟ್ ಪಿಚ್ಚಿನ ಉದ್ದ 22 ಗಜ, ಹತ್ತಿರ ಹತ್ತಿರ 20 ಮೀಟರ್. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಸೆಕೆಂಡಿಗೆ ಸರಿಯಾಗಿ 20 ಮೀಟರ್ ಸಾಗುತ್ತದೆ. ಫೋನಿನಲ್ಲಿ ಬಂದ ಸಂದೇಶವನ್ನು ಮೂರು ಸೆಕೆಂಡ್ ನೋಡಿದರೆ ಕಣ್ಣು ಮುಚ್ಚಿಕೊಂಡು ಮೂರು ಪಿಚ್ ಓಡಿದ ಹಾಗೆ. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಮಡಿಯಾಗುತ್ತದೆ. ಇದು ಭೌತಶಾಸ್ತ್ರ, ಯಾರ ಮುಲಾಜಿಗೂ ಬಗ್ಗುವುದಿಲ್ಲ.

ಎರಡನೆಯದು ಅಂತರ. ಮುಂದಿನ ವಾಹನ ಒಂದು ಮರವನ್ನೋ ಮೈಲಿಗಲ್ಲನ್ನೋ ದಾಟಿದಾಗ ‘ಸಾವಿರದ ಒಂದು, ಸಾವಿರದ ಎರಡು’ ಎಂದು ನಿಧಾನವಾಗಿ ಎಣಿಸಿ. ಎಣಿಕೆ ಮುಗಿಯುವ ಮೊದಲೇ ನೀವು ಆ ಮರವನ್ನು ಮುಟ್ಟಿದರೆ ತೀರ ಹತ್ತಿರವಿದ್ದೀರಿ. ಮಳೆಯಲ್ಲಿ ಎಣಿಕೆಯನ್ನು ನಾಲ್ಕಕ್ಕೆ ಏರಿಸಿ.

ಮೂರನೆಯದು ಹೆಂಡನ್ನಿನ ಅಭ್ಯಾಸ. ವಾರಕ್ಕೊಮ್ಮೆ, ನಿಮಗೆ ಬಹಳ ಪರಿಚಯದ ದಾರಿಯಲ್ಲಿ, ಹತ್ತು ನಿಮಿಷ ಕಂಡದ್ದನ್ನೆಲ್ಲ ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತ ಓಡಿಸಿ. ‘ಚೆಂಡು ರಸ್ತೆಗೆ ಬಂತು, ಹಿಂದೆಯೇ ಮಗು ಬರುತ್ತದೆ.’ ‘ಆಟೋ ನಿಧಾನವಾಯಿತು, ಸಂಜ್ಞೆ ಕೊಡದೆ ತಿರುಗಬಹುದು.’ ಮೊದಲ ದಿನ ನಾಚಿಕೆಯಾಗುತ್ತದೆ. ಎರಡನೆಯ ದಿನ, ನಿತ್ಯ ಹೋಗುವ ದಾರಿಯಲ್ಲಿ ಇಷ್ಟು ದಿನ ಎಷ್ಟು ಕಂಡಿರಲಿಲ್ಲವೆಂದು ಆಶ್ಚರ್ಯವಾಗುತ್ತದೆ.

ನಾಲ್ಕನೆಯದು ತಂದೆತಾಯಿಯರಿಗೆ. ಹದಿನೆಂಟು ತುಂಬದ ಮಗ ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಮೂರು ವರ್ಷದವರೆಗೆ ಸೆರೆಮನೆ ಮತ್ತು 25,000 ರೂಪಾಯಿ ದಂಡ ಎಂದು 2019ರ ತಿದ್ದುಪಡಿ ಹೇಳುತ್ತದೆ. ದಂಡದ ಭಯಕ್ಕೆ ಈ ಮಾತು ಹೇಳುತ್ತಿಲ್ಲ. ಕೆಂಪು ಗೆರೆ ಎಳೆದ ಕೈಯಿಂದ ಹೇಳುತ್ತಿದ್ದೇನೆ: ಕೀಲಿಕೈ ಕೊಡಬೇಡಿ.

ಐದನೆಯದು, ರಸ್ತೆಯಲ್ಲಿ ಬಿದ್ದವರನ್ನು ಕಂಡಾಗ ನಿಲ್ಲಿ. ಪೊಲೀಸರ, ಕೋರ್ಟಿನ ತೊಂದರೆಗೆ ಅಂಜಿ ಮುಂದೆ ಹೋಗುವ ಕಾಲವೊಂದಿತ್ತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ಕಾಯಿದೆಯೂ ನೆರವಿಗೆ ಬಂದವರಿಗೆ ರಕ್ಷಣೆ ನೀಡಿವೆ. ಹೆಸರು ಹೇಳಲೇಬೇಕೆಂಬ ಬಲವಂತವೂ ಇಲ್ಲ.

ಕೆಂಪು ಬಾವುಟದವನಿಗೆ ಇಂಗ್ಲೆಂಡಿನಲ್ಲಿ ಯಾರೂ ಸ್ಮಾರಕ ಕಟ್ಟಿದಂತೆ ಕಾಣೆ. ಅವನ ವೇಗವನ್ನು ಹಾಸ್ಯ ಮಾಡಿ ಲೋಕ ಮುಂದೆ ಹೋಯಿತು. ಹೋಗಲಿ; ವೇಗವೂ ಬೇಕು, ದೂರದ ಊರಿನ ಕೆಲಸ ಮುಗಿಸಿ ಸಂಜೆಗೆ ಮನೆ ಸೇರುವ ಸೌಕರ್ಯವೂ ಬೇಕು. ಆದರೆ ಅವನು ಮಾಡುತ್ತಿದ್ದ ಕೆಲಸ ಮುಗಿದಿಲ್ಲ. ಆ ಕೆಲಸ ಈಗ ನಿಮ್ಮದು. ಮುಂದೆ ಶಾಲೆಯ ಗೇಟು ಕಂಡಾಗ, ನಿಂತ ಬಸ್ಸಿನಡಿ ಎರಡು ಪುಟ್ಟ ಕಾಲುಗಳು ಕಂಡಾಗ, ವೇಗ ತಗ್ಗಿಸಿ. ಅಲ್ಲಿ ನಿಂತಿರುವ ಮಗುವಿನ ಹೆಸರು ಯಾರೋ ಒಬ್ಬ ಮೇಷ್ಟ್ರ ಹಾಜರಿ ಪುಸ್ತಕದಲ್ಲಿದೆ. ನಾಳೆ ಬೆಳಿಗ್ಗೆ ಅವರು ಆ ಹೆಸರು ಕೂಗಿದಾಗ ‘ಬಂದಿದ್ದೇನೆ ಸಾರ್’ ಎಂಬ ಉತ್ತರ ಬರಬೇಕು.